ಮಾಡೆಲ್‌ನಲ್ಲಿ ನೆಲದೊಳಗಿನ ಐಸ್ ತೀರಾ ಬೇಗ ಕರಗುತ್ತಿದ್ದರೆ

ಸೈಬೀರಿಯಾದ ಹೆಪ್ಪುಗಟ್ಟಿದ ನೆಲ ಕರಗುವುದನ್ನು ಲೆಕ್ಕ ಹಾಕುವ ನಿಮ್ಮ ಕಂಪ್ಯೂಟರ್ ಮಾಡೆಲ್‌ನಲ್ಲಿ ಐಸ್ ಯಾಕೆ ಇಷ್ಟು ಬೇಗ ಕರಗುತ್ತಿದೆ ಎಂದು ಕೇಳಿದ್ದೀರಿ. ನೀವು ಕಳಿಸಿದ ಉಷ್ಣಾಂಶದ ಗ್ರಾಫಿನಲ್ಲಿ 2 ಮೀಟರ್ ಆಳದ ಮಣ್ಣು ಸೊನ್ನೆ ಡಿಗ್ರಿಯಲ್ಲಿ ನಿಲ್ಲದೆ ಸೀದಾ ಮೇಲೇರಿದೆ. ಐಸ್ ಕರಗಲು ಬೇಕಾದ ಶಾಖ ಲೆಕ್ಕಕ್ಕೆ ಬರುತ್ತಿಲ್ಲ, ಬಹುಶಃ ಇದೇ ಕಾರಣ. ಮಲ್ಪೆ ಬಂದರಿನ ಮೀನಿನ ಪೆಟ್ಟಿಗೆಯ ಐಸ್ ಕೂಡ ಪೂರ್ತಿ ಕರಗುವ ತನಕ ಸೊನ್ನೆಯಲ್ಲೇ ಇರುತ್ತದೆ, ಅಲ್ವಾ? ಒಂದು ಕೆಜಿ ಐಸ್ ಕರಗಲು 334 ಕಿಲೋಜೂಲ್ ಬೇಕು. ಅಷ್ಟು ಶಾಖದಲ್ಲಿ ಅದೇ ನೀರು ಸುಮಾರು 80 ಡಿಗ್ರಿ ಬಿಸಿಯಾಗುತ್ತದೆ.

ಮೊದಲು ಟೈಮ್ ಸ್ಟೆಪ್ (ಮಾಡೆಲ್ ಒಂದೊಂದು ಸಲಕ್ಕೆ ಮುಂದೆ ಹೋಗುವ ಅವಧಿ) ಅನ್ನು ಒಂದು ದಿನದಿಂದ ಒಂದು ಗಂಟೆಗೆ ಇಳಿಸಿ. ಸ್ಟೆಪ್ ದೊಡ್ಡದಿದ್ದರೆ ಲೆಕ್ಕವು ಕರಗುವ ಹಂತವನ್ನೇ ಹಾರಿ ಹೋಗುತ್ತದೆ. ಆಗಲೂ ಸರಿಯಾಗದಿದ್ದರೆ ಉಷ್ಣಾಂಶದ ಬದಲು ಎಂಥಾಲ್ಪಿಯನ್ನು (ಕರಗಲು ಬೇಕಾದ ಶಾಖವೂ ಸೇರಿದ ಒಟ್ಟು ಶಾಖದ ಅಳತೆ) ಮುಖ್ಯ ವೇರಿಯೇಬಲ್ ಮಾಡಿ, ಬಂದ ಫಲಿತಾಂಶವನ್ನು ಸ್ಟೆಫಾನ್ ಸಮಸ್ಯೆಯ (ಐಸ್ ಕರಗುವ ಗಡಿ ಎಷ್ಟು ಬೇಗ ಸಾಗುತ್ತದೆ ಎಂಬ ಗಣಿತದ ಲೆಕ್ಕ) ಉತ್ತರದ ಜೊತೆ ಹೋಲಿಸಿ. ಕೋಡ್ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಆಮೇಲೆ ಐಸ್ ಪ್ರಮಾಣ. ಸೈಬೀರಿಯಾದ ಯೆಡೋಮಾ (ಐಸ್ ತುಂಬಿದ, ಹೆಪ್ಪುಗಟ್ಟಿದ ಹಳೆಯ ಮಣ್ಣು) ಎಂದಿದ್ದೀರಿ. ಅಲ್ಲಿ ಮಣ್ಣಿನ ರಂಧ್ರಗಳು ಹಿಡಿಯುವುದಕ್ಕಿಂತ ಜಾಸ್ತಿ ಐಸ್ ಇರುತ್ತದೆ. ಗಾತ್ರದಲ್ಲಿ ಶೇ. 70 ಐಸ್ ಇರುವ 1 ಮೀಟರ್ ಪದರ ಕರಗಿ, ನೀರು ಹರಿದುಹೋಗಿ, ರಂಧ್ರ ಶೇ. 40ಕ್ಕೆ ನಿಂತರೆ, 30 ಸೆಂಟಿಮೀಟರ್ ಮಣ್ಣು ಹೊಸ ದಪ್ಪದ ಶೇ. 60 ಆಗುತ್ತದೆ; ಅಂದರೆ ಉಳಿಯುವುದು ಅರ್ಧ ಮೀಟರ್ ಮಾತ್ರ! ನೆಲ ಕುಸಿಯುವುದು ಹೀಗೆ. ಹಾಗಾಗಿ ಪದರದ ದಪ್ಪವೂ ಕುಗ್ಗುವಂತೆ ಬರೆಯಿರಿ. ನೀರು ಹರಿದುಹೋಗುತ್ತದೋ ಕೊಳವಾಗಿ ನಿಲ್ಲುತ್ತದೋ ಎಂಬುದು ಇಳಿಜಾರನ್ನು ಅವಲಂಬಿಸಿದೆ. ಎರಡೂ ರೀತಿ ಓಡಿಸಿ ನೋಡಿ.