ಮುಂಗಡ ಕರಗುವ ಮೊದಲೇ ನೋಟಿಸು ಕೊಡಿ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಹಾಸನದ ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಿರುವ ನಮ್ಮ ಮನೆಯ ಮೇಲೆ, ಬಾಡಿಗೆಗೆಂದೇ ಎರಡು ಪುಟ್ಟ ಮನೆಗಳನ್ನು ಕಟ್ಟಿಸಿದೆ. ಒಟ್ಟು 28 ಲಕ್ಷ ರೂಪಾಯಿ ಆಯಿತು. ಅದರಲ್ಲಿ 16 ಲಕ್ಷ ನಿವೃತ್ತಿಯ ಹಣ, ಉಳಿದ 12 ಲಕ್ಷ ಶೇ 9ರ ಬಡ್ಡಿಯ ಬ್ಯಾಂಕ್ ಸಾಲ. ಒಂದೊಂದು ಮನೆಗೆ 7,500 ಬಾಡಿಗೆ. ಒಂದು ಮನೆಯಲ್ಲಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಹೋದ ಮೇಲೆ ಎರಡು ತಿಂಗಳಿಂದ ಅದು ಖಾಲಿ ಇದೆ. ಇನ್ನೊಂದು ಮನೆಯ ಕುಟುಂಬ ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ‘ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಮೇಷ್ಟ್ರೇ’ ಎನ್ನುತ್ತಾರೆ. ಅವರು ಕೊಟ್ಟ 50,000 ರೂಪಾಯಿ ಮುಂಗಡ ಟೈಲ್ಸ್ ಹಾಕಿಸುವುದಕ್ಕೇ ಖರ್ಚಾಗಿದೆ. ಹನ್ನೊಂದು ತಿಂಗಳ ಕರಾರು ಮುಗಿದು ವರ್ಷವಾದರೂ ಹೊಸದು ಬರೆಸಿಲ್ಲ. ನೀರು ನಿಲ್ಲಿಸಿ ಬೀಗ ಹಾಕಿ ಎಂದು ಮಗ ಹೇಳುತ್ತಾನೆ. ಖಾಲಿ ಮನೆಯನ್ನು 5 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು ಸಾಲ ಇಳಿಸಿಕೊಳ್ಳಿ ಎಂದು ಸ್ನೇಹಿತರು ಹೇಳುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ನಿಮ್ಮ ಮಗನ ಸಲಹೆಯನ್ನು ಬದಿಗಿಡಿ. ಕಾನೂನಿನ ಕ್ರಮವನ್ನು ಬಿಟ್ಟು ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಅಂಥ ದಾವೆಯಲ್ಲಿ ಮನೆ ಯಾರದ್ದು ಎಂಬ ಪ್ರಶ್ನೆಯನ್ನು ನ್ಯಾಯಾಲಯ ಎತ್ತಿಕೊಳ್ಳುವುದೂ ಇಲ್ಲ. ನೀವು ಬೀಗ ಹಾಕಿದ ದಿನವೇ ನಾಲ್ಕು ತಿಂಗಳ ಬಾಕಿಯ ಮಾತು ಹಿಂದಕ್ಕೆ ಸರಿದು, ನಿಮ್ಮ ಬೀಗದ ಮಾತು ಮುಂದಕ್ಕೆ ಬರುತ್ತದೆ. ನೀರು ನಿಲ್ಲಿಸಿದರೆ ಕೊಡ ಹಿಡಿದು ಮೆಟ್ಟಿಲು ಇಳಿಯಬೇಕಾದವರು ಆ ಮನೆಯ ಹೆಂಗಸರು ಮತ್ತು ಮಕ್ಕಳು ಎಂಬುದನ್ನು ಮೇಷ್ಟರಾಗಿದ್ದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕರಾರು ಮುಗಿದುಹೋಗಿದೆಯೆಂದು ಹೆದರಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಕೆಲವು ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ನಿಮ್ಮ ವ್ಯವಹಾರವು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನಡೆಯುತ್ತದೆ. ಕರಾರಿನ ಅವಧಿ ಮುಗಿದ ಮೇಲೂ ನೀವು ಬಾಡಿಗೆ ಪಡೆಯುತ್ತಿದ್ದಿರಿ. ಹೀಗಾಗಿ ಅದು ತಿಂಗಳಿನಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗಿದೆ. ಇದನ್ನು ಕೊನೆಗೊಳಿಸಲು 106ನೇ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟಿಸು ಸಾಕು. ವಕೀಲರಿಂದ ಬರೆಸಿ, ತಲುಪಿದ ಪುರಾವೆ ಉಳಿಯುವಂತೆ ಅಂಚೆಯಲ್ಲಿ ಕಳುಹಿಸಿ. ನೋಟಿಸಿನ ಅವಧಿ ಮುಗಿದ ಮೇಲೆ ಅವರು ಹಣ ತಂದುಕೊಟ್ಟರೆ ಅದನ್ನು ಹೊಸ ತಿಂಗಳ ಬಾಡಿಗೆಯೆಂದು ಸ್ವೀಕರಿಸಬೇಡಿ, ಏಕೆಂದರೆ ಹಾಗೆ ಸ್ವೀಕರಿಸಿದರೆ ನೋಟಿಸನ್ನು ನೀವೇ ಕೈಬಿಟ್ಟಂತೆ ಆಗಬಹುದು. ಹಳೆಯ ಬಾಕಿಯ ಲೆಕ್ಕಕ್ಕೆ ಪಡೆದಿದ್ದೇನೆಂದು ರಶೀದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ನೋಟಿಸು ಕೊಟ್ಟೊಡನೆ ದಾವೆಗೆ ಧಾವಿಸಬೇಕೆಂದೇನೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಮೊಕದ್ದಮೆ ಹೂಡುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿಗೆ ಕೂರಿಸುತ್ತಾರೆ. ಇಂತಿಷ್ಟು ಬಾಕಿಯನ್ನು ಬಿಟ್ಟುಕೊಟ್ಟು, ಇಂಥ ತಾರೀಖಿಗೆ ಮನೆ ಖಾಲಿ ಮಾಡುವುದೆಂದು ಲೋಕ ಅದಾಲತ್ತಿನಲ್ಲಿ ಒಪ್ಪಂದವಾದರೆ, ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ, ಮೇಲ್ಮನವಿಯೂ ಇರುವುದಿಲ್ಲ. ನಾನಾಗಿದ್ದರೆ ಎರಡು ತಿಂಗಳ ಬಾಡಿಗೆಯನ್ನು ಮನ್ನಾ ಮಾಡಿಯಾದರೂ ಈ ದಾರಿಯನ್ನೇ ಹಿಡಿಯುತ್ತಿದ್ದೆ.

ತಡ ಮಾಡಬೇಡಿ ಎನ್ನುವುದಕ್ಕೆ ಕಾರಣ ನಿಮ್ಮ ಕೈಯಲ್ಲಿರುವ ಮುಂಗಡದ ಲೆಕ್ಕದಲ್ಲೇ ಇದೆ. ನಾಲ್ಕು ತಿಂಗಳ ಬಾಕಿ 30,000. ಐವತ್ತು ಸಾವಿರದಲ್ಲಿ ಉಳಿದದ್ದು 20,000. ಖಾಲಿ ಮಾಡುವಾಗ ಸುಣ್ಣಬಣ್ಣ, ಒಡೆದ ಸಿಂಕು, ಕಟ್ಟದ ಕರೆಂಟ್ ಬಿಲ್ಲು ಎಂದು ಹತ್ತು ಹನ್ನೆರಡು ಸಾವಿರ ಹೋಗುತ್ತದೆಂದು ಇಟ್ಟುಕೊಂಡರೆ, ನಿಮ್ಮ ಬಳಿ ಇರುವುದು ಒಂದು ತಿಂಗಳ ಬಾಡಿಗೆಯಷ್ಟು ಹಣ ಮಾತ್ರ. ಅದೂ ಕಾಗದದ ಮೇಲಿನ ಹಣ, ಏಕೆಂದರೆ ನಿಜವಾದ ಹಣ ನೆಲದ ಟೈಲ್ಸ್ ಆಗಿ ಕೂತಿದೆ. ಮುಂಗಡವೆಂಬುದು ಮಾಲೀಕನ ಆದಾಯವಲ್ಲ, ಬಾಡಿಗೆದಾರನಿಂದ ಅವನು ಪಡೆದಿರುವ ಬಡ್ಡಿಯಿಲ್ಲದ ಸಾಲ. ನಮ್ಮ ಊರುಗಳ ಸಣ್ಣ ಮಾಲೀಕರಲ್ಲಿ ಅದನ್ನು ಬೇರೆ ಖಾತೆಯಲ್ಲಿ ಇಡುವವರನ್ನು ನಾನು ಕಂಡದ್ದು ಬಹಳ ಕಡಿಮೆ. ನಮ್ಮ ತಂದೆಯವರೂ ಇಡಲಿಲ್ಲ. ವರ್ಗಾವಣೆಯಾದ ನರ್ಸ್ ಒಬ್ಬರು ಸಾಮಾನು ಲಾರಿಗೆ ಹಾಕಿಸಿ ನಿಂತಿದ್ದಾಗ, ಅವರ ಮುಂಗಡಕ್ಕಾಗಿ ಅಪ್ಪ ಪಕ್ಕದ ಅಂಗಡಿಗೆ ಕೈಸಾಲಕ್ಕೆ ಓಡಿದ್ದನ್ನು ನಾನು ಮರೆತಿಲ್ಲ. ಮುಂದಿನ ಬಾಡಿಗೆದಾರರ ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆದು ನಿಶ್ಚಿತ ಠೇವಣಿಯಲ್ಲಿಡಿ. 20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ ಎಂಬುದೂ ನೆನಪಿರಲಿ.

ಇದೇ ಕಾರಣಕ್ಕೆ ಭೋಗ್ಯದ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ಆ 5 ಲಕ್ಷವನ್ನು ಸಾಲಕ್ಕೆ ಕಟ್ಟಿದರೆ ವರ್ಷಕ್ಕೆ 45,000 ಬಡ್ಡಿ ಉಳಿಯುತ್ತದೆ ನಿಜ, ಆದರೆ ವರ್ಷಕ್ಕೆ 90,000 ಬಾಡಿಗೆ ತರಬಲ್ಲ ಮನೆ ಕೈಬಿಟ್ಟುಹೋಗುತ್ತದೆ. ಮೂರು ವರ್ಷದ ನಂತರ ಅವರು ಹಣ ಕೇಳಿದಾಗ ಮತ್ತೊಬ್ಬ ಭೋಗ್ಯದಾರನನ್ನು ಹುಡುಕುವುದು, ಇಲ್ಲವೇ ಹೊಸ ಸಾಲ ಮಾಡುವುದು, ಇವೆರಡೇ ದಾರಿ. ಮೇಲಾಗಿ ನಿಮ್ಮ ಮನೆ ಬ್ಯಾಂಕಿನಲ್ಲಿ ಅಡಮಾನವಾಗಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಇಂಥ ದೊಡ್ಡ ಮೊತ್ತ ಪಡೆದು ಮನೆಯನ್ನು ಬಿಟ್ಟುಕೊಡುವಂತಿಲ್ಲ. ಒಂದು ವರ್ಷ ಮೀರಿದ ಯಾವ ಗುತ್ತಿಗೆಯೂ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಹನ್ನೊಂದು ತಿಂಗಳ ಕರಾರು ಎಲ್ಲೆಡೆ ರೂಢಿಗೆ ಬಂದದ್ದೇ ಈ ನಿಯಮದಿಂದ.

ಈಗ ಹೂಡಿಕೆಯ ಮಾತು. ಎರಡೂ ಮನೆಗಳು ವರ್ಷಪೂರ್ತಿ ತುಂಬಿದ್ದರೆ ಬಾಡಿಗೆ 1,80,000. ವಿದ್ಯಾರ್ಥಿಗಳನ್ನು ನೆಚ್ಚಿದ ಬಡಾವಣೆಯಲ್ಲಿ ಒಂದೊಂದು ಮನೆ ವರ್ಷಕ್ಕೆ ಒಂದೂವರೆ ತಿಂಗಳು ಖಾಲಿ ಬೀಳುತ್ತದೆಂದು ಹಿಡಿದರೆ 22,500 ಹೋಗುತ್ತದೆ. ಬಣ್ಣಕ್ಕೆ ವರ್ಷದ ಸರಾಸರಿ 8,000, ಕಂದಾಯಕ್ಕೆ 4,000, ಮೋಟಾರು, ನಲ್ಲಿ, ಮಳೆಗಾಲದಲ್ಲಿ ಜಿನುಗುವ ತಾರಸಿ ಎಂದು 8,000 ತೆಗೆದಿಟ್ಟರೆ ಉಳಿಯುವುದು 1,37,500. ಮೊದಲ ವರ್ಷದ ಬಡ್ಡಿಯೇ ಸುಮಾರು 1,08,000. ಹೀಗೆ ನಿಮ್ಮ ಸ್ವಂತದ 16 ಲಕ್ಷಕ್ಕೆ ದಕ್ಕುವುದು 29,500, ಎಂದರೆ ಶೇ 2ಕ್ಕಿಂತಲೂ ಕಡಿಮೆ. ಅದೇ ಹಣ ಶೇ 8.2ರ ಬಡ್ಡಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದ್ದಿದ್ದರೆ 1,31,200 ಬರುತ್ತಿತ್ತು. ಕಟ್ಟಿದ್ದು ತಪ್ಪಾಯಿತೆಂದು ನೋಯಿಸಲು ಇದನ್ನು ಬರೆಯುತ್ತಿಲ್ಲ. ಸಾಲ ಕರಗಿದಂತೆ ಬಡ್ಡಿ ಇಳಿಯುತ್ತದೆ, ಬಾಡಿಗೆ ನಿಧಾನವಾಗಿಯಾದರೂ ಏರುತ್ತದೆ. ಆದರೆ ನೂರು ಮನೆಗಳ ಮಾಲೀಕನಿಗೆ ಒಂದು ಮನೆ ಖಾಲಿಯಾದರೆ ನೂರರಲ್ಲಿ ಒಂದು ಭಾಗ ನಷ್ಟ; ನಿಮಗೆ ಅರ್ಧ ಆದಾಯವೇ ನಷ್ಟ. ಆದ್ದರಿಂದ ಆರು ತಿಂಗಳ ಕಂತಿನಷ್ಟು ಹಣ ಕೈಯಲ್ಲಿ ಸೇರುವವರೆಗೆ ಬಾಡಿಗೆಯ ಒಂದು ರೂಪಾಯಿಯನ್ನೂ ಮನೆಖರ್ಚಿಗೆ ತೆಗೆಯಬೇಡಿ. ಖಾಲಿ ಮನೆಗೆ 7,500ನ್ನೇ ಹಿಡಿದು ಕೂರಬೇಡಿ. 7,000ಕ್ಕೆ ಇಳಿಸಿದರೆ ವರ್ಷಕ್ಕೆ ಹೋಗುವುದು 6,000. ಇನ್ನೊಂದು ತಿಂಗಳು ‘ಟು-ಲೆಟ್’ ಬೋರ್ಡ್ ತೂಗಿದರೆ ಹೋಗುವುದು 7,500. ಓದು ಮುಗಿಸಿ ಹೊರಡುವ ಹುಡುಗರಿಗಿಂತ ಆಸ್ಪತ್ರೆ, ನ್ಯಾಯಾಲಯ, ಶಾಲೆಗಳ ನೌಕರಿಯಲ್ಲಿರುವ ಕುಟುಂಬ ಸಿಕ್ಕರೆ ಐನೂರು ಕಡಿಮೆಗಾದರೂ ಕೊಡಿ.

ತೆರಿಗೆಯ ವಿಷಯದಲ್ಲಿ ನೆಮ್ಮದಿಯಿದೆ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟನ್ನು ಬಿಲ್ಲು ರಶೀದಿಗಳಿಲ್ಲದೆಯೇ ಕಳೆಯಬಹುದು. ಅದರ ಮೇಲೆ ಸಾಲದ ಬಡ್ಡಿಯನ್ನೂ ಕಳೆದರೆ ಮೇಲಿನ ಲೆಕ್ಕದಂತೆ ಮೊದಲ ವರ್ಷ ಬಾಡಿಗೆಯ ಮೇಲೆ ತೆರಿಗೆಯೇ ಬೀಳುವುದಿಲ್ಲ. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, ಶೇ 5ರ ರಿಯಾಯಿತಿ ಸಿಗುತ್ತದೆ.

ಪ್ರಶ್ನೆ: ಕೆಳಗೆ ನಾವು, ಮೇಲೆ ಬಾಡಿಗೆದಾರರು. ಮೀಟರ್ ಒಂದೇ. ಗೃಹಜ್ಯೋತಿ ಬಂದ ಮೇಲೆ ಪ್ರತಿ ತಿಂಗಳೂ ಬಿಲ್ಲಿನ ಮಾತು ಬಂದು ಮನಸ್ತಾಪವಾಗುತ್ತಿದೆ.
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಮಹಡಿಗೆ ಪ್ರತ್ಯೇಕ ಮೀಟರ್ ಹಾಕಿಸಿ. 2023ರಲ್ಲಿ ಆರಂಭವಾದ ಈ ಯೋಜನೆಯ ಗರಿಷ್ಠ 200 ಯೂನಿಟ್‌ಗಳ ಮಿತಿ ಒಂದೊಂದು ಸಂಪರ್ಕಕ್ಕೆ ಸಂಬಂಧಿಸಿದ್ದು. ಎರಡು ಸಂಸಾರಗಳ ಫ್ರಿಜ್ಜು, ಮಿಕ್ಸಿ, ಗೀಸರ್‌ಗಳೆಲ್ಲ ಒಂದೇ ಮೀಟರಿನಲ್ಲಿ ಓಡಿದರೆ ಮಿತಿ ದಾಟಿ ಇಬ್ಬರಿಗೂ ಸೌಲಭ್ಯ ತಪ್ಪುತ್ತದೆ. ಬಾಡಿಗೆ ಕರಾರು ಇದ್ದರೆ ಬಾಡಿಗೆದಾರರು ತಮ್ಮ ಆಧಾರ್‌ನಲ್ಲೇ ನೋಂದಾಯಿಸಿಕೊಳ್ಳಬಹುದು. ಮನೆ ಬಿಡುವಾಗ ಆ ಜೋಡಣೆಯನ್ನು ತೆಗೆಸಿಯೇ ಹೋಗಬೇಕೆಂದು ಕರಾರಿನಲ್ಲಿ ಬರೆಸಿ, ಇಲ್ಲವಾದರೆ ಮುಂದೆ ಬರುವವರು ಪರದಾಡುತ್ತಾರೆ. ಸಂಪಿನಿಂದ ನೀರೆತ್ತುವ ಮೋಟಾರು ಯಾರ ಮೀಟರಿಗೆ ಸೇರಿದೆ, ಅದರ ಖರ್ಚಿಗೆ ಅವರು ತಿಂಗಳಿಗೆ ಎಷ್ಟು ಕೊಡಬೇಕು ಎಂಬುದನ್ನೂ ಅದೇ ಕರಾರಿನಲ್ಲಿ ಒಂದು ಸಾಲಾಗಿ ಸೇರಿಸಿಕೊಳ್ಳಿ.