ತತ್ವಶಾಸ್ತ್ರಕ್ಕೂ ಏಕದೇವ ಧರ್ಮಗಳಿಗೂ ಇರುವ ನಂಟನ್ನು ರಾಯಚೂರಿನಲ್ಲಿ ಕೂತು ಸ್ವಂತವಾಗಿ ಓದುವುದು ಹೇಗೆ?

ಯಹೂದಿ, ಕ್ರೈಸ್ತ, ಇಸ್ಲಾಂ ಈ ಮೂರೂ ಧರ್ಮಗಳ ಇತಿಹಾಸ ಹಿಡಿಯಬೇಡಿ, ಮುಗಿಯುವುದಿಲ್ಲ. ಒಂದೇ ಪ್ರಶ್ನೆ ಹಿಡಿಯಿರಿ: ಜಗತ್ತಿಗೆ ಆರಂಭವಿದೆಯೇ? ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇಲ್ಲ ಎಂದ. ಮುಸ್ಲಿಂ ತತ್ವಜ್ಞಾನಿ ಇಬ್ನ್ ಸೀನಾ ದೇವರನ್ನೂ ಉಳಿಸಿಕೊಂಡು ಅದನ್ನೇ ಒಪ್ಪಿದ. ಮುಸ್ಲಿಂ ಧರ್ಮಚಿಂತಕ ಘಜಾಲಿ ಇಂಥ ತತ್ವಜ್ಞಾನಿಗಳ ಮೇಲೆತ್ತಿದ 20 ಆಕ್ಷೇಪಗಳಲ್ಲಿ ಮೊದಲನೆಯದೇ ಇದು. ಅರಿಸ್ಟಾಟಲನ ಪರ ನಿಂತ ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಒಂದೊಂದಕ್ಕೂ ಉತ್ತರ ಕೊಟ್ಟ. ಯಹೂದಿ ಚಿಂತಕ ಮೈಮೊನಿಡೀಸ್, ಜಗತ್ತಿಗೆ ಆರಂಭವಿಲ್ಲ ಎಂಬುದನ್ನು ಅರಿಸ್ಟಾಟಲ್ ಸಾಧಿಸಿಯೇ ಇಲ್ಲ ಎಂದ. ಕ್ರೈಸ್ತ ಅಕ್ವಿನಾಸ್ (1225–1274) ಇನ್ನೂ ಜಾಣ: ಆರಂಭವನ್ನು ನಂಬಬೇಕು, ತರ್ಕದಿಂದ ಸಾಧಿಸಲಾಗದು. ಓದುವ ಕ್ರಮವೂ ಇದೇ. ಅಕ್ವಿನಾಸನಿಂದ ಶುರು ಮಾಡಿದರೆ ಅವನು ಯಾರಿಗೆ ಉತ್ತರಿಸುತ್ತಿದ್ದಾನೆಂದೇ ತಿಳಿಯದು.

ಮಾನ್ವಿ ಕಡೆ ದಾಸರ ಪದ ಕೇಳಿ ಬೆಳೆದವರು ಎಡವುವುದು ‘ಸೃಷ್ಟಿ’ ಎಂಬ ಮಾತಿನಲ್ಲಿ. ಮಾಧ್ವರಿಗೆ ಪ್ರಕೃತಿ, ಅಂದರೆ ಜಗತ್ತಿನ ಮೂಲದ್ರವ್ಯ, ಅನಾದಿ. ಘಜಾಲಿಗೆ ಸೃಷ್ಟಿಯೆಂದರೆ ಏನೂ ಇಲ್ಲದಲ್ಲಿಂದ.