ಪ್ಲಾನ್ ಇರಲಿಲ್ಲ, ಮೇಡಂ

"ಕೋಪದಲ್ಲಿ ಹಾಗೆ ಮಾಡ್ಕೊಂಡ ಮೇಡಂ. ಪ್ಲಾನ್ ಮಾಡಿದ್ದಲ್ಲ. ಇನ್ನು ಹೆದರಿಕೆ ಇಲ್ಲ ಅಲ್ವಾ?"

ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರನ್ನು ನನ್ನ ಹತ್ತಿರ ಕರೆತರುವ ಎಷ್ಟು ಮನೆಯವರ ಬಾಯಲ್ಲಿ ಈ ಮಾತನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಇಪ್ಪತ್ತರ ಆಸುಪಾಸಿನ ಹುಡುಗ. ಮನೆಯಲ್ಲಿ ಜಗಳ, ಆತ್ಮಹತ್ಯೆಯ ಪ್ರಯತ್ನ, ಆಸ್ಪತ್ರೆ. ಅಪ್ಪ ಕರೆತಂದಿದ್ದರು. ಮೊದಲ ಎರಡು ಭೇಟಿಯಲ್ಲಿ "ಸುಮ್ನೆ, ಆ ಹೊತ್ತಿಗೆ ಏನೋ ಆಯ್ತು" ಅಂದ, ಅಷ್ಟೇ.

ಮೂರನೇ ಸಲ ಅಪ್ಪನನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ: "ಸಾಯಬೇಕು ಅಂತ ಮೊದಲೂ ಅನ್ನಿಸಿತ್ತಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಹೆದರುವವರಿದ್ದಾರೆ. ಬರುವುದಿಲ್ಲ. ಎಷ್ಟೋ ಜನಕ್ಕೆ ಎದೆ ಹಗುರಾಗುತ್ತದೆ. ಅವನು ವಾಚಿನ ಬೆಲ್ಟ್ ಬಿಚ್ಚುತ್ತಾ, ಹಾಕುತ್ತಾ ಕೂತಿದ್ದ. ಕೊನೆಗೆ ಹೇಳಿದ: "ಪ್ಲಾನ್ ಇರಲಿಲ್ಲ ಮೇಡಂ. ಆದ್ರೆ ಕಪಾಟಿನ ಕೀ ಎಲ್ಲಿಡ್ತಾರೆ ಅಂತ ಯಾವತ್ತೋ ನೋಡಿಟ್ಟುಕೊಂಡಿದ್ದೆ. ಯಾಕೆ ಅಂತ ನನಗೇ ಗೊತ್ತಿಲ್ಲ."

ದುಡುಕು ಒಂದು ಕಡೆ, ಯೋಜನೆ ಇನ್ನೊಂದು ಕಡೆ ಅಂತ ನಾವು ಗೆರೆ ಎಳೆದುಬಿಡುತ್ತೇವೆ. ಈ ಹುಡುಗನಲ್ಲಿ ಎರಡೂ ಇದ್ದವು. ಯೋಚನೆ ತಿಂಗಳುಗಟ್ಟಲೆ ಒಳಗೇ ಕೂತಿತ್ತು. ಜಗಳದ ಬಿಸಿಗೆ ಕೈ ಮುಂದಾಯಿತು. ಅಮೆರಿಕದ ಹ್ಯೂಸ್ಟನ್‌ನಲ್ಲಿ, ಸಾವಿನ ಬಾಗಿಲಿಗೆ ಹೋಗಿ ಬದುಕಿ ಬಂದ 153 ಜನರನ್ನು ಮಾತಾಡಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಎಲ್ಲರೂ 13ರಿಂದ 34 ವಯಸ್ಸಿನವರು. ಸುಮಾರು ನಾಲ್ವರಲ್ಲಿ ಒಬ್ಬರು, ನಿರ್ಧಾರ ಮಾಡಿದ 5 ನಿಮಿಷದೊಳಗೆ ಪ್ರಯತ್ನಕ್ಕೆ ಇಳಿದಿದ್ದರು. ಅಷ್ಟು ಹೊತ್ತಿನಲ್ಲಿ ಯಾರ ಬುದ್ಧಿವಾದವೂ ತಲುಪುವುದಿಲ್ಲ. ಕೈಗೆ ಏನು ಸಿಗುತ್ತೆ ಅನ್ನೋದೇ ಜಾಸ್ತಿ ಮುಖ್ಯ.

ಹಾಗಾಗಿ ಅಪ್ಪನಿಗೆ ಮೊದಲು ಹೇಳಿದ್ದು ಇದು: ಕಪಾಟಿನಲ್ಲಿ ಇರುವುದನ್ನು ಮನೆಯಿಂದಲೇ ಆಚೆ ಸಾಗಿಸಿ, ಕೀ ಜಾಗ ಬದಲಿಸಿದರೆ ಸಾಲದು. ಅವರಿಗೆ ಬೇಸರವಾಯಿತು. "ನನ್ನ ಮೇಲೆ ನಂಬಿಕೆ ಇಲ್ಲ ಅಂದ್ಕೊಳ್ಳಲ್ವಾ ಅವನು?" ಅಂದರು. ಅವನಿಗೆ ಹೇಳಿಯೇ ಮಾಡಿ ಅಂದೆ. ಮನಸ್ಸು ಮಾಡಿದವರು ಬೇರೆ ದಾರಿ ಹುಡುಕಲ್ವಾ ಅಂತ ಸಹೋದ್ಯೋಗಿಗಳೂ ನನ್ನನ್ನು ಕೇಳಿದ್ದುಂಟು. ಬಹಳಷ್ಟು ಜನ ಹುಡುಕುವುದಿಲ್ಲ. ಶ್ರೀಲಂಕಾದಲ್ಲಿ 1995ರಿಂದೀಚೆಗೆ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಅಲ್ಲಿನ ಒಟ್ಟು ಆತ್ಮಹತ್ಯೆ ಪ್ರಮಾಣವೇ ಅರ್ಧಕ್ಕಿಂತ ಕೆಳಗಿಳಿಯಿತು.

ಹುಡುಗನ ಜೊತೆ ಕೂತು ಒಂದು ಚೀಟಿ ಬರೆಸಿದೆ, ಅವನದೇ ಅಕ್ಷರದಲ್ಲಿ. ಬಿಸಿ ಏರುವಾಗ ಮೈಯಲ್ಲಿ ಮೊದಲು ಏನಾಗುತ್ತೆ, ಆಗ ಎದ್ದು ಎಲ್ಲಿಗೆ ಹೋಗೋದು, ಯಾರಿಗೆ ಫೋನ್ ಮಾಡೋದು, ಅವರು ಎತ್ತದಿದ್ದರೆ ಯಾವ ಸಹಾಯವಾಣಿ. ಅದನ್ನು ಮಡಿಸಿ ಫೋನಿನ ಕವರ್ ಒಳಗೆ ಸೇರಿಸಿಕೊಂಡ.

ಈಗಲೂ ತಿಂಗಳಿಗೊಮ್ಮೆ ಬರುತ್ತಾನೆ. ಚೆನ್ನಾಗಿದ್ದೀನಿ ಅಂದ ದಿನವೂ ಆ ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತೇನೆ.